ಮನೆ ಪೂಲಿಗೆ ಯಾವ ಕ್ಲೋರಿನ್: ಬಿಲ್ಲೆಯೋ, ಪುಡಿಯೋ, ದ್ರವವೋ?

ಮೈಸೂರಲ್ಲಿ ಹೊಸದಾಗಿ ಪೂಲ್ ಕಟ್ಟಿಸಿದವರು ಕ್ಲೋರಿನ್ನಿನ ಬೆಲೆ ಕೇಳುವ ಮೊದಲು ಕೊಳಕ್ಕೆ ಯಾವ ನೀರು ಬಿಡುತ್ತೇವೆ ಅನ್ನೋದನ್ನ ನೋಡಬೇಕು. ಕಾವೇರಿ ನೀರು ಮೆದು. ಇಲವಾಲ, ಬೋಗಾದಿ ಕಡೆಯ ಬೋರ್ ನೀರು ಸಾಮಾನ್ಯವಾಗಿ ಗಡಸು. ಕಾಯಿಸಿದ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಹೊಪ್ಪಳೆಯೇ ಪೂಲಿನ ಟೈಲ್ ಅಂಚಿಗೂ ಕಟ್ಟುತ್ತದೆ. ಮೂರು ಬಗೆಯನ್ನೂ ಹಾಕಿ ನೋಡಿದ ಲೆಕ್ಕ ಇಲ್ಲಿದೆ, ಎಲ್ಲವೂ 50,000 ಲೀಟರ್ ಕೊಳಕ್ಕೆ.

ಬಿಲ್ಲೆ ಅಂದರೆ ಟ್ರೈಕ್ಲೋರ್, ಕ್ಲೋರಿನ್ ಬಲ 90%. 200 ಗ್ರಾಮಿನ ಒಂದು ಬಿಲ್ಲೆ ಸುಮಾರು 3.6 ಪಿಪಿಎಂ (ಲೀಟರ್ ನೀರಿಗೆ ಇಷ್ಟು ಮಿಲಿಗ್ರಾಂ) ಕ್ಲೋರಿನ್ ಕೊಡುತ್ತದೆ. ತೇಲುವ ಡಬ್ಬಿಗೆ ಹಾಕಿಬಿಟ್ಟರೆ ಕೆಲಸ ಮುಗಿಯಿತು, ಅದಕ್ಕೇ ಎಲ್ಲರಿಗೂ ಇಷ್ಟ. ತೊಂದರೆ ನಿಧಾನಕ್ಕೆ ಬರುತ್ತದೆ. ಪ್ರತಿ ಬಿಲ್ಲೆಯ ಜೊತೆ 2 ಪಿಪಿಎಂಗಿಂತ ಹೆಚ್ಚು ಸಯನ್ಯೂರಿಕ್ ಆಮ್ಲವೂ ಸೇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕಾಯುವುದು ಇದೇ, 30ರಿಂದ 50 ಪಿಪಿಎಂ ಇರಲೇಬೇಕು. ಆದರೆ ಕ್ಲೋರಿನ್ ಖರ್ಚಾದ ಮೇಲೂ ಇದು ನೀರಲ್ಲೇ ಉಳಿಯುತ್ತದೆ. ಎರಡು ದಿನಕ್ಕೊಂದು ಬಿಲ್ಲೆ ಅಂದರೆ ಈ ಆಮ್ಲ ತಿಂಗಳಿಗೆ 30 ಪಿಪಿಎಂ ಮೇಲೆ; ಮೂರು ತಿಂಗಳಿಗೆ ನೂರರ ಹತ್ತಿರ. ಆಗ ಕ್ಲೋರಿನ್ನಿಗೆ ಕೈಕಾಲು ಕಟ್ಟಿದಂತೆ. ಟೆಸ್ಟ್ ಕಿಟ್ಟಿನ ನೀರು ಚೆನ್ನಾಗಿ ಹಳದಿ ತಿರುಗುತ್ತದೆ, ಗೋಡೆಗೆ ಮಾತ್ರ ಪಾಚಿ! ಇಳಿಸಲು ಇರುವ ಸುಲಭ ದಾರಿ ಒಂದೇ, ಅರ್ಧಕ್ಕಿಂತ ಹೆಚ್ಚು ನೀರು ಚೆಲ್ಲಿ ಹೊಸದು ತುಂಬುವುದು. ಅಂದರೆ ಏಪ್ರಿಲ್ಲಲ್ಲಿ 30,000 ಲೀಟರ್, ಐದಾರು ಟ್ಯಾಂಕರ್. ಅದಕ್ಕೇ ತಿಂಗಳಿಗೊಮ್ಮೆ ಈ ಆಮ್ಲವನ್ನು ಅಳೆಯಿರಿ: ಕಿಟ್ಟಿನ ಔಷಧಿ ಬೆರೆಸಿದ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಕೊಳವೆಗೆ ಸುರಿಯುತ್ತ ಹೋದಾಗ ತಳದ ಕಪ್ಪು ಚುಕ್ಕೆ ಮಾಯವಾಗುವ ಗೆರೆಯೇ ಉತ್ತರ.

ಪುಡಿ, ಅಂದರೆ 65% ಕ್ಯಾಲ್ಸಿಯಂ ಹೈಪೋಕ್ಲೋರೈಟ್, 77 ಗ್ರಾಂ ಹಾಕಿದರೆ 1 ಪಿಪಿಎಂ. ಬಕೆಟ್ಟಿನ ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹಾಕಬಾರದು. ಮಡ್ಡಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ದಿನಕ್ಕೆ 2 ಪಿಪಿಎಂ ಹಾಕಿದರೆ ತಿಂಗಳಿಗೆ ಗಡಸುತನ 40 ಪಿಪಿಎಂನಷ್ಟು ಏರುತ್ತದೆ. ಕಾವೇರಿ ನೀರಿಗೆ ಇದು ಒಳ್ಳೆಯದೇ, ಬೋರ್ ನೀರಿಗೆ ಬೇಡ. ದಿನಸಿ ಅಂಗಡಿಯ ಬ್ಲೀಚಿಂಗ್ ಪೌಡರ್ ಇದರ ಅರ್ಧದಷ್ಟೇ ಬಲದ್ದು, ಉಳಿದದ್ದು ಸುಣ್ಣ. ಅದು ಎರಡಕ್ಕೂ ಬೇಡ.

ಬೋರ್ ನೀರಿನ ಪೂಲಿಗೆ ನಮ್ಮ ಓಟು ದ್ರವಕ್ಕೇ. 10% ಸೋಡಿಯಂ ಹೈಪೋಕ್ಲೋರೈಟ್ ಅರ್ಧ ಲೀಟರಿಗೆ 1 ಪಿಪಿಎಂ. ಬೇಸಿಗೆಯಲ್ಲಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಬೇಕಾದೀತು. ಗಡಸುತನವೂ ಏರದು, ಸಯನ್ಯೂರಿಕ್ ಆಮ್ಲವೂ ಸೇರದು. ಹೊತ್ತು ಮುಳುಗಿದ ಮೇಲೆ, ಪಂಪ್ ಓಡುತ್ತಿರುವಾಗ, ನೀರು ಒಳಗೆ ಬರುವ ಬಾಯಿಯ ಮುಂದೆ ನಿಧಾನವಾಗಿ ಸುರಿಯಿರಿ. ಇದರ ದೌರ್ಬಲ್ಯ ಶೆಖೆ. ಬಿಸಿಲಲ್ಲಿಟ್ಟ ಕ್ಯಾನ್ ಉಬ್ಬುತ್ತದೆ, ಬಲ ಇಳಿಯುತ್ತದೆ. ಗಾಳಿಯಾಡುವ ನೆರಳಲ್ಲಿಡಿ, ಎರಡು ಮೂರು ವಾರಕ್ಕಾಗುವಷ್ಟೇ ತನ್ನಿ.

ದ್ರವದಲ್ಲಿ ಬಿಸಿಲು ತಡೆಯುವ ಆಮ್ಲ ಇಲ್ಲವಲ್ಲ, ಅದಕ್ಕೆ ಮೊದಲ ಐದು ವಾರ ಬಿಲ್ಲೆ ಹಾಕಿ, ಆಮ್ಲ 40 ಪಿಪಿಎಂ ಮುಟ್ಟಿದೊಡನೆ ದ್ರವಕ್ಕೆ ಬದಲಿಸಿ. ಆಮೇಲೆ ಕ್ಲೋರಿನ್ 3 ಪಿಪಿಎಂಗಿಂತ ಇಳಿಯದಿರಲಿ, ಪಿಎಚ್ 7.2ರಿಂದ 7.6ರೊಳಗಿರಲಿ. ಊರಿಗೆ ಹೋಗುವ ವಾರಕ್ಕೆ ಎರಡು ಮೂರು ಬಿಲ್ಲೆ ಸಾಕು.

ಇನ್ನೊಂದು ದಾರಿ, ನೀರಿಗೆ ಹಾಕಿದ ಉಪ್ಪಿನಿಂದಲೇ ಕ್ಲೋರಿನ್ ಮಾಡುವ ಉಪ್ಪಿನ ಯಂತ್ರ; ಅದಕ್ಕೆ ಮೊದಲೇ 150 ಕೆಜಿ ಉಪ್ಪು ಬೇಕು, ಗಡಸು ನೀರಲ್ಲಿ ಅದರ ತಗಡುಗಳಿಗೂ ಹೊಪ್ಪಳೆ ಕಟ್ಟುತ್ತದೆ.

ಬದಲಿಸುವಾಗ ಒಂದು ಎಚ್ಚರ: ಬಿಲ್ಲೆ ಇದ್ದ ಡಬ್ಬಿಗೆ ಪುಡಿಯನ್ನಾಗಲಿ ದ್ರವವನ್ನಾಗಲಿ ಯಾವತ್ತೂ ಹಾಕಬೇಡಿ. ಬಿಲ್ಲೆಯ ಚೂರಿಗೆ ತೇವದ ಪುಡಿ ಸೋಕಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಅಳತೆಯ ಲೋಟವೂ ಒಂದೊಂದಕ್ಕೆ ಒಂದೊಂದು ಬೇರೆ ಇರಲಿ.