ಲಿನಿಯಾ ಟಿ-ಜೆಟ್‌ಗೆ ಪಿಗಿಬ್ಯಾಕ್ ಫ್ಯೂಯಲ್ ಕಂಟ್ರೋಲರ್: ಘಟ್ಟದಲ್ಲೂ ಕರಾವಳಿಯಲ್ಲೂ ಓಡಿಸಿದ ಮೇಲೆ

ಟರ್ಬೊ ಗಾಡಿಗೆ ಫ್ಯೂಯಲ್ ಕಂಟ್ರೋಲರ್ ಹಾಕಿಸಬೇಕು ಅಂತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೊಗೆ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಮೊದಲು, ಕಂಪನಿಯ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಜೊತೆಗೆ ಕೂತು ಪೆಟ್ರೋಲ್ ತಿದ್ದುವ ಈ ಪಿಗಿಬ್ಯಾಕ್ ಪೆಟ್ಟಿಗೆ ಆಮೇಲೆ. ನನ್ನ ಗಾಡಿಯಲ್ಲಿ ಎರಡೂ ಇವೆ, ಎರಡೂ ಕೆಲವು ಮಳೆಗಾಲ ಕಂಡಿವೆ. ಒಂದನ್ನು ಬಿಚ್ಚಿಡಲೇಬೇಕು ಅಂದರೆ ಪೆಟ್ಟಿಗೆ ಬಿಚ್ಚಿ, ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಹೆಚ್ಚುವರಿ ಒತ್ತಡ) ಇಳಿಸಿ ಓಡಿಸುತ್ತೇನೆ. ಗೇಜ್ ಬಿಚ್ಚುವುದಿಲ್ಲ.

ಗಾಡಿ ಫಿಯಟ್ ಲಿನಿಯಾ ಟಿ-ಜೆಟ್. 1368 ಸಿಸಿ, ಕಂಪನಿ ಲೆಕ್ಕದಲ್ಲಿ 114 ಪಿಎಸ್, 207 ಎನ್‌ಎಂ ಟಾರ್ಕ್. ಮನೆ ಶಿರಸಿಯಲ್ಲಿ, ನೌಕರಿ ಕಾರವಾರದಲ್ಲಿ. ಹಾಗಾಗಿ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗುವುದು, ರಜೆ ಬಂದಾಗ ಹತ್ತಿ ಬರುವುದು. ಮಳೆಗಾಲದಲ್ಲಿ ದೇವಿಮನೆ ಬಂದ್ ಆದರೆ ಯಲ್ಲಾಪುರ ಸುತ್ತಿ ಅರಬೈಲ್ ಘಟ್ಟ. ಒಂದೇ ಓಟದಲ್ಲಿ ಸಮುದ್ರದ ಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಗಾಡಿ ಬರುತ್ತದೆ. ಟ್ಯೂನಿಂಗ್ ಸರಿ ಇದೆಯೋ ಇಲ್ಲವೋ ನೋಡಲು ಇದಕ್ಕಿಂತ ಒಳ್ಳೆಯ ರಸ್ತೆ ನನಗೆ ಗೊತ್ತಿಲ್ಲ.

ಸೈಲೆನ್ಸರ್ ಕಡೆ ಸ್ವಲ್ಪ ಸಡಿಲ ಮಾಡಿ, ಬೂಸ್ಟ್ ಏರಿಸುವ ಬ್ಲೀಡ್ ವಾಲ್ವ್ ಹಾಕಿ, ಬೂಸ್ಟನ್ನು 0.8 ಬಾರ್‌ಗೆ ನಿಲ್ಲಿಸಿದ್ದೇನೆ. ಬೂಸ್ಟ್ ಏರಿದರೆ ಒಳಗೆ ಗಾಳಿ ಜಾಸ್ತಿ ಹೋಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲೂ ಹೋಗಬೇಕು. ಕಂಪನಿಯ ಇಸಿಯು ಒಂದು ಮಟ್ಟದವರೆಗೆ ತಾನೇ ಸುಧಾರಿಸಿಕೊಳ್ಳುತ್ತದೆ. ಅದರ ಆಚೆಗೆ ಮಿಶ್ರಣ ತೆಳ್ಳಗಾಗುತ್ತಾ ಹೋಗುತ್ತದೆ. ಬೂಸ್ಟಿನಲ್ಲಿ ಹೀಗೆ ಲೀನ್ (ತೆಳ್ಳಗೆ) ಓಡಿದರೆ ಮೊದಲು ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿ ಬಡಿಯುವುದು), ಆಮೇಲೆ ಪಿಸ್ಟನ್ನೇ ಹೋಗುತ್ತದೆ. ಈ ಕೊರತೆ ತುಂಬುವುದಕ್ಕೆ ಪೆಟ್ಟಿಗೆ.

ಮಾರ್ಕೆಟ್ಟಿನಲ್ಲಿ ಪಿಗಿಬ್ಯಾಕ್ ಅಂತ ಮಾರುವುದೆಲ್ಲ ಒಂದೇ ಜಾತಿಯದ್ದಲ್ಲ. ಇನ್‌ಟೇಕ್ ಗಾಳಿಯ ಸೆನ್ಸರ್‌ಗೆ ಒಂದು ರೆಸಿಸ್ಟರ್ ಸಿಕ್ಕಿಸಿ, ಗಾಳಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳುವ ಅಗ್ಗದ ಚಿಪ್ ಇದೆ. ಅದನ್ನು ಮುಟ್ಟಲೇಬೇಡಿ. ಇನ್ನೊಂದು ಜಾತಿ, ಮ್ಯಾನಿಫೋಲ್ಡಿನ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ವೋಲ್ಟೇಜನ್ನೇ ತಿರುಚುತ್ತದೆ. ಇದರಲ್ಲೊಂದು ಅಪಾಯ ಇದೆ, ಮಾರುವವರು ಹೇಳುವುದಿಲ್ಲ. ಒತ್ತಡ ಕಮ್ಮಿ ಇದೆ ಅಂತ ತೋರಿಸಿದರೆ ಇಸಿಯು ಪೆಟ್ರೋಲ್ ಕಮ್ಮಿ ಮಾಡುವುದಷ್ಟೇ ಅಲ್ಲ, ಇಂಜಿನ್ ಮೇಲೆ ಲೋಡ್ ಇಲ್ಲ ಅಂದುಕೊಂಡು ಸ್ಪಾರ್ಕನ್ನೂ ಮುಂಚಿತವಾಗಿ ಬಿಡುತ್ತದೆ. ತುಂಬಿದ ಬೂಸ್ಟಿನಲ್ಲಿ ಸ್ಪಾರ್ಕ್ ಮುಂದಾದರೆ ಮತ್ತದೇ ನಾಕಿಂಗ್, ಬೇರೆ ಹೇಳಬೇಕಿಲ್ಲ ಅಲ್ವಾ.

ನಾನು ತಗೊಂಡದ್ದು ಮೂರನೇ ಜಾತಿ. ಪೆಟ್ರೋಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್‌ಗಳ ವೈರು ಇದರ ಮೂಲಕವೇ ಹಾದು ಹೋಗುತ್ತದೆ. ಆರ್‌ಪಿಎಂ ಮತ್ತು ಮ್ಯಾನಿಫೋಲ್ಡ್ ಒತ್ತಡ ನೋಡಿ, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಇದು ಮಿಲಿಸೆಕೆಂಡ್ ಲೆಕ್ಕದಲ್ಲಿ ಉದ್ದ ಮಾಡುತ್ತದೆ. ಇಸಿಯುಗೆ ಯಾವ ಸುಳ್ಳೂ ಹೇಳುವುದಿಲ್ಲ, ಸ್ಪಾರ್ಕಿನ ಗೋಜಿಗೂ ಹೋಗುವುದಿಲ್ಲ. ವೈರಿಂಗ್ ಕೆಲಸ ಜಾಸ್ತಿ, ದುಡ್ಡೂ ಜಾಸ್ತಿ. ಆದರೂ ಪೆಟ್ರೋಲ್ ಇಂಜೆಕ್ಟರ್ ಮ್ಯಾನಿಫೋಲ್ಡಿನಲ್ಲಿ ಕೂತಿರುವ ಗಾಡಿಗೆ ಈ ಜಾತಿಯೇ ಸರಿ.

ಇಂಜೆಕ್ಟರ್‌ಗೂ ಒಂದು ಮಿತಿ ಇದೆ. ಅದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. 6000 ಆರ್‌ಪಿಎಂನಲ್ಲಿ ಇಂಜಿನ್ನಿನ ಒಂದು ಪೂರ್ತಿ ಆವರ್ತ, ಅಂದರೆ ಎರಡು ಸುತ್ತು, 20 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಇಂಜೆಕ್ಟರ್ 17 ಮಿಲಿಸೆಕೆಂಡ್ ತೆರೆದಿದ್ದರೆ ಶೇ. 85 ಆಯಿತು. ಅಲ್ಲಿಗೆ ನಿಲ್ಲಿಸಬೇಕು. ಅದರ ಮೇಲೆ ಪೆಟ್ಟಿಗೆಯ ಟೇಬಲ್‌ನಲ್ಲಿ (ಯಾವ ಆರ್‌ಪಿಎಂ, ಒತ್ತಡಕ್ಕೆ ಎಷ್ಟು ಕೂಡಿಸಬೇಕು ಅಂತ ತುಂಬುವ ಖಾನೆಗಳು) ಎಷ್ಟೇ ಬರೆದರೂ ನಂಬುವ ಹಾಗಿಲ್ಲ, ಇಂಜೆಕ್ಟರ್ ಸರಿಯಾಗಿ ಮುಚ್ಚಿ ತೆರೆಯುವುದಕ್ಕೆ ಹೊತ್ತೇ ಇರುವುದಿಲ್ಲ. ಪೆಟ್ರೋಲ್ ಒತ್ತಡದ ರೆಗ್ಯುಲೇಟರ್ ಟ್ಯಾಂಕಿನಲ್ಲೇ ಇರುವ ಗಾಡಿಗಳಲ್ಲಿ ಇನ್ನೊಂದು ತೊಡಕು. ಪೆಟ್ರೋಲ್ 3.5 ಬಾರ್ ಒತ್ತಡದಲ್ಲಿ ಬರುತ್ತಿದೆ, ಮ್ಯಾನಿಫೋಲ್ಡಿನ ಒಳಗೆ 0.8 ಬಾರ್ ಬೂಸ್ಟ್ ಎದುರು ತಳ್ಳುತ್ತಿದೆ ಅಂದುಕೊಳ್ಳಿ. ಇಂಜೆಕ್ಟರ್‌ಗೆ ಸಿಗುವುದು 2.7 ಮಾತ್ರ. ಹರಿವು ಸುಮಾರು ಶೇ. 12 ಕಮ್ಮಿ. ಬೂಸ್ಟ್ ಹೆಚ್ಚಿದಷ್ಟೂ ಪೆಟ್ರೋಲ್ ಬೇಕಾಗುವ ಹೊತ್ತಿಗೇ ಪೆಟ್ರೋಲ್ ಹರಿಯುವುದು ಕಮ್ಮಿ. ನನ್ನ ಟೇಬಲ್‌ನ ಮೇಲಿನ ಖಾನೆಗಳಲ್ಲಿ ಕೂಡಿಸಿರುವ ಸಂಖ್ಯೆ ದೊಡ್ಡದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಬೇಸ್ ಮ್ಯಾಪ್, ಅಂದರೆ ಟೇಬಲ್‌ನ ಮೊದಲ ಸಂಖ್ಯೆಗಳು, ಬೆಂಗಳೂರಿನಲ್ಲಿ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿಸಿದ್ದು. ಕೆಲಸ ಚೆನ್ನಾಗಿಯೇ ಮಾಡಿಕೊಟ್ಟರು. ಆದರೆ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಗಾಳಿಯ ಒತ್ತಡ 0.91 ಬಾರ್ ಹತ್ತಿರ. ಬೂಸ್ಟಿಗೆ ಮಿತಿ ಹಾಕುವ ವೇಸ್ಟ್‌ಗೇಟಿನ ಸ್ಪ್ರಿಂಗ್ ಹೊರಗಿನ ಗಾಳಿಯ ಮೇಲೆ ಲೆಕ್ಕ ಹಿಡಿಯುತ್ತದೆ. 0.91ಕ್ಕೆ 0.8 ಸೇರಿದರೆ ಮ್ಯಾನಿಫೋಲ್ಡಿನಲ್ಲಿ 1.71. ಅದೇ ಗಾಡಿ ಕುಮಟೆಗೆ ಬಂದರೆ ಹೊರಗಿನ ಒತ್ತಡ 1.01, ಒಳಗೆ 1.81. ಬೆಂಗಳೂರಿನ ಡೈನೋದಲ್ಲಿ ಗಾಡಿ ಯಾವತ್ತೂ ಕಾಲಿಡದ ಖಾನೆಗೆ ಕರಾವಳಿಯಲ್ಲಿ ದಿನವೂ ಹೋಗುತ್ತದೆ. ಆ ಖಾನೆಗಳಲ್ಲಿ ಇದ್ದದ್ದು ಅಳೆದು ತುಂಬಿದ ಸಂಖ್ಯೆಯಲ್ಲ, ಪಕ್ಕದ ಖಾನೆ ನೋಡಿ ಅಂದಾಜಿಗೆ ಎಳೆದದ್ದು. ಗೇಜ್ ಇದ್ದದ್ದಕ್ಕೆ ಇದು ಕಣ್ಣಿಗೆ ಬಿತ್ತು. ಡೈನೋದಲ್ಲಿ ಎಎಫ್‌ಆರ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ) 11.8 ಇದ್ದದ್ದು ಕುಮಟಾ ಹತ್ತಿರ ಹೈವೇಯಲ್ಲಿ 12.5 ದಾಟುತ್ತಿತ್ತು, ಅಂದರೆ ಲೀನ್ ಕಡೆಗೆ. ಪಿಕಪ್ ಮಾತ್ರ ಇನ್ನೂ ಜೋರಾಗಿತ್ತು! ಸುಮ್ನೆ ಓಡಿಸುವವರಿಗೆ ಗಾಡಿ ಖುಷಿಯಲ್ಲಿದೆ ಅಂತಲೇ ಅನಿಸುತ್ತದೆ. ಕರಾವಳಿಯಲ್ಲಿ ಗಾಡಿ ಓಡಿಸುವವರು ಡೈನೋ ಶೀಟ್ ಹಿಡಿದುಕೊಂಡು ನಿಶ್ಚಿಂತೆಯಿಂದ ಇರಬೇಡಿ. ಘಟ್ಟದ ಕೆಳಗೆ ಬಂದ ಮೇಲೆ ಲ್ಯಾಪ್‌ಟಾಪ್ ಹಚ್ಚಿ ಲಾಗ್ (ಓಡುವಾಗಿನ ರೀಡಿಂಗುಗಳ ದಾಖಲೆ) ತೆಗೆಯಲೇಬೇಕು.

ಘಟ್ಟದ ಲೆಕ್ಕವೇ ಬೇರೆ. ಕತಗಾಲ ದಾಟಿ ಏರು ಶುರುವಾದ ಮೇಲೆ ಗಾಡಿಯ ಸ್ಪೀಡ್ ಕಮ್ಮಿ, ಲೋಡ್ ಜಾಸ್ತಿ. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೊರಗಿನ ಗಾಳಿ ಸಿಗುವುದಿಲ್ಲ. ಮುಂದೆ ಅಡಿಕೆ ಹೇರಿದ ಲಾರಿ ಇದ್ದರೆ ಕೇಳುವುದೇ ಬೇಡ. ಏಪ್ರಿಲ್, ಮೇ ಸೆಕೆಯಲ್ಲಿ ಇನ್‌ಟೇಕ್ ಗಾಳಿ 60 ಡಿಗ್ರಿ ಮೀರುವುದನ್ನು ಲಾಗಿನಲ್ಲಿ ನೋಡಿದ್ದೇನೆ. ನಾಕ್ ಸೆನ್ಸರ್ ಮಾತು ಕೇಳಿ ಇಸಿಯು ಸ್ಪಾರ್ಕ್ ಹಿಂದಕ್ಕೆ ಎಳೆಯುತ್ತದೆ, ಗಾಡಿ ಜಡವಾಗುತ್ತದೆ. ಅಲ್ಲಿ ನಾನು 3000ದಿಂದ 4000 ಆರ್‌ಪಿಎಂ ನಡುವಿನ ಭಾರದ ಖಾನೆಗಳಿಗೆ ಸ್ವಲ್ಪ ಪೆಟ್ರೋಲ್ ಕೂಡಿಸಿದೆ. ಹೆಚ್ಚಿನ ಪೆಟ್ರೋಲ್ ಆವಿಯಾಗುವಾಗ ಒಳಗಿನ ಬಿಸಿ ಹೀರಿಕೊಳ್ಳುತ್ತದೆ. ಲ್ಯಾಂಬ್ಡಾವನ್ನು (ಇರುವ ಗಾಳಿಗೂ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿಗೂ ಇರುವ ಅನುಪಾತ; 1ಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಜಾಸ್ತಿ) 0.80ರ ಆಸುಪಾಸಿಗೆ ತಂದ ಮೇಲೆ ಸ್ಪಾರ್ಕ್ ಹಿಂದೆಳೆಯುವುದು ಕಮ್ಮಿಯಾಯಿತು, ಎರಡನೇ ಗೇರಿನ ತಿರುವುಗಳಲ್ಲಿ ಗಾಡಿ ಹಿಡಿತ ಬಿಡದೆ ಎಳೆಯುತ್ತದೆ. ಈ ಒಂದು ಸುಧಾರಣೆಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಹಾಗಂತ ಪೆಟ್ರೋಲ್ ಸುರಿಯುತ್ತಲೇ ಹೋಗುವ ಹಾಗಿಲ್ಲ. ಅತಿ ರಿಚ್ ಆದರೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಹೋಗುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಪವರ್ರೂ ಬೀಳುತ್ತದೆ.

ಸಾಧಾರಣ ಓಡಾಟದ ಖಾನೆಗಳಲ್ಲಿ ನಾನು ಸೊನ್ನೆಯನ್ನೇ ಇಟ್ಟಿದ್ದೇನೆ. ಅಲ್ಲಿ ಇಸಿಯು ತನ್ನ ಆಕ್ಸಿಜನ್ ಸೆನ್ಸರ್ ನೋಡಿ ತಾನೇ ಸರಿಪಡಿಸಿಕೊಳ್ಳುತ್ತಿರುತ್ತದೆ. ನೀವು ಶೇ. 5 ಕೂಡಿಸಿದರೆ ಅದು ಶೇ. 5 ಕಳೆಯುತ್ತದೆ. ಈ ಜಗಳದಿಂದ ಮೈಲೇಜೂ ಸಿಗುವುದಿಲ್ಲ, ಇಸಿಯು ಕಲಿತ ಲೆಕ್ಕವೂ ಕೆಡುತ್ತದೆ. ಪೆಟ್ಟಿಗೆ ಹಾಕಿದರೆ ಮೈಲೇಜ್ ಏರುತ್ತದೆ ಅನ್ನುವ ಜಾಹೀರಾತು ನಂಬಬೇಡಿ. ನನ್ನ ಗಾಡಿಯಲ್ಲಿ ಅದು ಮೊದಲಿದ್ದ ಹಾಗೇ ಇದೆ.

ಇನ್ನು ಉಪ್ಪು ಗಾಳಿಯ ವಿಷಯ. ಪೆಟ್ಟಿಗೆಯ ದೊಡ್ಡ ದೂರು ನನಗೆ ಇಲ್ಲೇ ಇರುವುದು. ಒಳಗಿನ ಸರ್ಕ್ಯೂಟ್ ಗಟ್ಟಿ, ಆದರೆ ಕನೆಕ್ಟರ್‌ಗೆ ರಬ್ಬರ್ ಸೀಲ್ ಕೊಟ್ಟಿಲ್ಲ. ಕಾರವಾರದಲ್ಲಿ ಗಾಡಿ ನಿಲ್ಲುವ ಜಾಗದಿಂದ ಕಡಲು ದೂರವಿಲ್ಲ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಗೇಜ್ ಒಂದು ಹೇಳಿದರೆ ಪೆಟ್ಟಿಗೆಯ ಲಾಗ್ ಇನ್ನೊಂದು ಹೇಳತೊಡಗಿತು. ಗೇಜಿನಲ್ಲಿ 11.8, ಲಾಗಿನಲ್ಲಿ 12.2. ಮಾರಿದ ಅಂಗಡಿಗೆ ಫೋನ್ ಮಾಡಿದರೆ ಸೆನ್ಸರ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಕುಮಟೆಯಲ್ಲಿ ನನಗೆ ಗೊತ್ತಿರುವ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರು ಬಾನೆಟ್ ತೆಗೆಯುವ ಮುಂಚೆಯೇ ಕೇಳಿದರು, “ಹೆಗಡೇರೆ, ಅರ್ಥಿಂಗ್ ಎಲ್ಲಿ ಕೊಟ್ಟಿದಾರೆ?” ಡ್ಯಾಶ್‌ಬೋರ್ಡ್ ಕೆಳಗೆ, ಬಾಡಿಯ ಒಂದು ಬೋಲ್ಟಿಗೆ. ಜೊತೆಗೆ ಬಂದ ಕಾಗದದಲ್ಲಿ ಹಾಗೆಯೇ ಬರೆದಿತ್ತು. ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ತುಕ್ಕು. ಕನೆಕ್ಟರ್ ಎಳೆದರೆ ಎರಡು ಪಿನ್ನುಗಳ ಮೇಲೆ ಹಸಿರು ಕಿಲುಬು, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ಸೆನ್ಸರ್ ಸರಿಯಾಗಿಯೇ ಇತ್ತು.

ಇದು ಯಾಕೆ ಹೀಗಾಗುತ್ತದೆ ಅಂದರೆ, ಗೇಜ್ ತನ್ನ ರೀಡಿಂಗನ್ನು ಪೆಟ್ಟಿಗೆಗೆ 0ದಿಂದ 5 ವೋಲ್ಟ್ ಆಗಿ ಕಳಿಸುತ್ತದೆ. ನನ್ನ ಗೇಜಿನಲ್ಲಿ ಅದು 10ರಿಂದ 20 ಎಎಫ್‌ಆರ್‌ಗೆ ಸಮ. ಅಂದರೆ ಅರ್ಥ್‌ನಲ್ಲಿ 0.2 ವೋಲ್ಟ್ ವ್ಯತ್ಯಾಸ ಬಂದರೂ ಲೆಕ್ಕ 0.4 ತಪ್ಪುತ್ತದೆ. ಆ ಸುಳ್ಳು ಲಾಗ್ ನೋಡಿ ಟೇಬಲ್ ತಿದ್ದಿದ್ದರೆ ಸರಿಯಿದ್ದ ಮ್ಯಾಪ್ ಕೆಡುತ್ತಿತ್ತು. ಎಲೆಕ್ಟ್ರಿಷಿಯನ್ ಗೇಜಿನ ಮತ್ತು ಪೆಟ್ಟಿಗೆಯ ಅರ್ಥ್ ಎರಡನ್ನೂ ಇಸಿಯುನ ಅರ್ಥ್ ಬಿಂದುವಿಗೇ ಒಟ್ಟಿಗೆ ತಂದರು. ಪಿನ್ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ, ಪೆಟ್ಟಿಗೆಯನ್ನು ಕಾರ್ಪೆಟ್ ಹತ್ತಿರದಿಂದ ಎತ್ತಿ ಗ್ಲೋವ್ ಬಾಕ್ಸ್ ಹಿಂದೆ ಕೂರಿಸಿದರು. ಆಮೇಲೆ ಎರಡೂ ರೀಡಿಂಗ್ ಒಂದೇ ಆಗಿವೆ. ಪ್ರತಿ ಮಳೆಗಾಲಕ್ಕೆ ಮುಂಚೆ ಕನೆಕ್ಟರ್ ಬಿಚ್ಚಿ ನೋಡುವುದು ಈಗ ರೂಢಿ. ಶಿರಸಿಯಲ್ಲಿ ಉಪ್ಪಿನ ಕಾಟ ಇಲ್ಲ, ಬದಲಿಗೆ ಇಲಿ. ವೈರಿಗೆ ಪ್ಲಾಸ್ಟಿಕ್ ಕೊಳವೆ ಹಾಕಿಸುವುದು ಮರೆಯಬೇಡಿ.

ಗೇಜಿನ ಸೆನ್ಸರ್ ಬಾಷ್ ಎಲ್‌ಎಸ್‌ಯು 4.9. ಟರ್ಬೊ ದಾಟಿದ ಮೇಲೆ ಪೈಪಿನ ಮೇಲ್ಭಾಗದಲ್ಲಿ ಕೂರಿಸಬೇಕು. ಪೈಪಿನ ಅಡಿಯಲ್ಲಿ ಕೂರಿಸಿದರೆ ಒಳಗೆ ಬೆವರಿದ ನೀರು ಅದರ ಮೇಲೆ ನಿಲ್ಲುತ್ತದೆ. 700 ಡಿಗ್ರಿಗಿಂತ ಬಿಸಿಯಾಗಿರುವ ಸೆರಾಮಿಕ್‌ಗೆ ನೀರು ತಾಗಿದರೆ ಬಿರುಕು ಬಿಟ್ಟು ಹೋಗುತ್ತದೆ. ಇಂಜಿನ್ ಓಡುವಾಗ ಇದರ ಕರೆಂಟ್ ಆಫ್ ಇರಬಾರದು, ಮಸಿ ಹಿಡಿದು ಸಾಯುತ್ತದೆ. ಗೇಜ್ ಅಲಂಕಾರಕ್ಕೆ ಅಂತ ಸ್ವಿಚ್ ಕೊಟ್ಟವರನ್ನು ನೋಡಿದ್ದೇನೆ. ಬೇಡ.

ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಬಂದ ಮೇಲೆ ಗೇಜಿನ ಬೆಲೆ ಇನ್ನೂ ಹೆಚ್ಚಾಯಿತು. 2023ರಲ್ಲಿ ಶುರುವಾಗಿ ಈಗ ಎಲ್ಲ ಕಡೆ ಅದೇ. ಬರಿ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಇ10ರಿಂದ ಇ20ಕ್ಕೆ ಹೋದರೆ ಅದೇ ಗಾಳಿಗೆ ಶೇ. 4ರಷ್ಟು ಜಾಸ್ತಿ ಎಣ್ಣೆ ಸುರಿಯಬೇಕು. ಹಳೆಯ ಮ್ಯಾಪ್ ಇಟ್ಟುಕೊಂಡು ಓಡಿಸುವವರ ಗಾಡಿ ಗೊತ್ತಿಲ್ಲದೆ ಲೀನ್ ಕಡೆ ಜಾರಿರಬಹುದು. ಇಲ್ಲಿ ಒಂದು ಗೊಂದಲ ಆಗುತ್ತದೆ. ಇ20 ಹಾಕಿದರೂ ಐಡಲ್‌ನಲ್ಲಿ ಗೇಜ್ 14.7 ಅಂತಲೇ ತೋರಿಸುತ್ತದೆ. ಸೆನ್ಸರ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾ. ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ ಅಷ್ಟೆ. ನಾನು ಡಿಸ್‌ಪ್ಲೇಯನ್ನೇ ಲ್ಯಾಂಬ್ಡಾಕ್ಕೆ ಬದಲಿಸಿಕೊಂಡೆ. ಬಂಕಿನಲ್ಲಿ ಏನೇ ಹಾಕಿದರೂ ಪೂರ್ತಿ ಬೂಸ್ಟಿನಲ್ಲಿ 0.80 ಅಂದರೆ 0.80. ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ಎಥೆನಾಲ್ ತಿನ್ನುತ್ತದೆ, ಅದನ್ನೂ ಕಣ್ಣಿಟ್ಟು ನೋಡುತ್ತಿರಿ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳಲಿಕ್ಕೆ ಇಲ್ಲ. ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಬೇಕು, ಕನ್ನಡಕ ಇಲ್ಲದೆ ಅಕ್ಷರ ಕಾಣುವುದಿಲ್ಲ. ಲಾಗ್ ಮಾತ್ರ ಯಾವತ್ತೂ ಕೈ ಕೊಟ್ಟಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಕೂರಬೇಕು, ಓಡಿಸುವವರ ಕಣ್ಣು ರಸ್ತೆ ಮೇಲೆಯೇ ಇರಬೇಕು. ಏರಿನಲ್ಲಿ ಮೂರನೇ ಗೇರ್ ಸಾಕು, ಸ್ಪೀಡ್ ಮಿತಿ ಮೀರದೆಯೇ ಪೂರ್ತಿ ಲೋಡ್ ಸಿಗುತ್ತದೆ.

ಕಾನೂನಿನ ಮಾತೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ವಾರಂಟಿ ಇರುವ ಗಾಡಿಗಂತೂ ಇದನ್ನು ಹಾಕಲೇಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ಓಡಿಸುವವರ ಜೊತೆ ನಾನಿಲ್ಲ. ನನ್ನದರಲ್ಲಿ ಅದು ಇದೆ, ಪಿಯುಸಿ ಸಲೀಸಾಗಿ ಪಾಸಾಗುತ್ತದೆ.

ಭಾವನ ಹತ್ತಿರ ಪೋಲೊ ಜಿಟಿ 1.2 ಟಿಎಸ್‌ಐ ಇದೆ. ನನ್ನ ಗಾಡಿ ಓಡಿಸಿ ನೋಡಿ, “ಭಾವ, ಯನ್ನ ಗಾಡಿಗೂ ಇದನ್ನ ಹಾಕ್ಸಲೆ ಬತ್ತಾ?” ಅಂತ ಕೇಳಿದ. ಬರುವುದಿಲ್ಲ. ಅದು ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ನೇರ ಸಿಲಿಂಡರಿನೊಳಗೆ, ನೂರು ಬಾರ್‌ಗೂ ಮೀರಿದ ಒತ್ತಡದಲ್ಲಿ ಬೀಳುತ್ತದೆ. ಇಂಜೆಕ್ಟರ್ ನಡೆಸುವ ಕರೆಂಟಿನ ರೀತಿಯೇ ಬೇರೆ, ಪೆಟ್ರೋಲ್ ಬಿಡಲು ಸಿಗುವ ಹೊತ್ತೂ ಕಮ್ಮಿ. ಅಂಥ ಗಾಡಿಗೆ ಇಸಿಯು ರಿಮ್ಯಾಪ್ (ಅದರೊಳಗಿನ ಲೆಕ್ಕವನ್ನೇ ತಿದ್ದುವುದು) ಸರಿಯಾದ ದಾರಿ. ಮಾಡಿಸುವ ಮುಂಚೆ ಹೈ ಪ್ರೆಶರ್ ಪಂಪಿನ ಒತ್ತಡ ಪೂರ್ತಿ ಲೋಡಿನಲ್ಲಿ ಬೀಳುತ್ತದೋ ಇಲ್ಲವೋ ಲಾಗ್ ತೆಗೆದು ತೋರಿಸಿ ಅಂತ ಟ್ಯೂನರ್ ಹತ್ತಿರ ಕೇಳು, ತೋರಿಸಲು ಒಪ್ಪದಿದ್ದರೆ ಬೇರೆಯವರ ಹತ್ತಿರ ಹೋಗು ಅಂದಿದ್ದೇನೆ.