ಫ್ರೀಜರ್ ಇಲಿ: ಹಾವಿಗೆ ಹಿಡಿಸಿತು, ಪ್ಯಾಕೆಟ್ ನನಗೆ ಹಿಡಿಸಲಿಲ್ಲ

ನಾವು ಸಾಕಿರುವ ವಿಷವಿಲ್ಲದ ಹಾವು ಕಾರ್ನ್ ಸ್ನೇಕ್‌ಗೆ ಫ್ರೀಜ್ ಮಾಡಿದ ಇಡೀ ಇಲಿ ಕೊಡಲು ಶುರು ಮಾಡಿ ವರ್ಷದ ಮೇಲಾಯಿತು. ಜೀವಂತ ಇಲಿಯ ಕಡೆ ಮತ್ತೆ ತಲೆ ಹಾಕುವುದಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಇಲಿಗೂ ಅದು ಹಿಂಸೆಯೇ, ಅಲ್ವಾ?

ಹಿಂದಿನ ರಾತ್ರಿ ಇಲಿಯನ್ನು ಕವರ್ ಸಮೇತ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸುತ್ತೇನೆ. ಮರುದಿನ ಸಂಜೆ ಹಾಗೇ ಬಿಸಿನೀರಿನಲ್ಲಿ ಇಡುತ್ತೇನೆ. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ಬೆಂದಿರುತ್ತದೆ, ಇನ್ನೊಂದು ಕಡೆ ಐಸ್ ಇರುತ್ತದೆ. ಹೊಟ್ಟೆಯನ್ನು ಬೆರಳಲ್ಲಿ ಒತ್ತಿ, ಒಳಗೆ ಗಟ್ಟಿ ಉಳಿದಿಲ್ಲ ಅಂತ ನೋಡಿಕೊಳ್ಳುತ್ತೇನೆ. ಕೊನೆಗೆ ತಲೆಯನ್ನಷ್ಟೇ ಇನ್ನೊಮ್ಮೆ ಬಿಸಿ ಮಾಡಿ, ಒರೆಸಿ, ಉದ್ದ ಚಿಮಟದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತೇನೆ. ಹಾವಿನ ನಾಲಿಗೆ ಚುರುಕಾಗುತ್ತದೆ, ಕುತ್ತಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಪಟ್ ಅಂತ ಹಿಡಿದು ಸುತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿ. ಆಮೇಲೆ ಎರಡು ದಿನ ಅದನ್ನು ಎತ್ತಿಕೊಳ್ಳಬಾರದು, ಕಕ್ಕಿಬಿಡಬಹುದು.

ಮೂಳೆ, ಲಿವರ್ ಎಲ್ಲಾ ಒಟ್ಟಿಗೇ ಹೊಟ್ಟೆಗೆ ಹೋಗುವುದರಿಂದ ಹಾವಿಗೆ ಕ್ಯಾಲ್ಸಿಯಂ ಪುಡಿಯ ತಾಪತ್ರಯ ಇಲ್ಲ. ಬರೀ ಮಾಂಸದ ತುಂಡು ಕೊಟ್ಟರೆ ಫಾಸ್ಫರಸ್ ಜಾಸ್ತಿಯಾಗಿ ಕ್ಯಾಲ್ಸಿಯಂ ಸಾಲದೆ ಹೋಗುತ್ತದೆ.

ಪ್ಯಾಕೆಟ್ ವಿಷಯಕ್ಕೆ ಬಂದರೆ ಮಾತ್ರ ಬೇಜಾರು. ಒಂದು ಸಲ ಬಂದ ದೊಡ್ಡ ಪ್ಯಾಕ್‌ನಲ್ಲಿ ಇಲಿಗಳೆಲ್ಲಾ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಕವರ್ ಒಳಗೆ ಕೆಂಪು ಐಸ್ ಕಟ್ಟಿತ್ತು. ಕರಗಿಸಿದಾಗ ಹೊಟ್ಟೆ ಹಸಿರು ತಿರುಗಿತ್ತು, ಮುಟ್ಟಿದರೆ ಚರ್ಮ ಕಿತ್ತು ಬರುತ್ತಿತ್ತು. ದಾರಿಯಲ್ಲಿ ಕರಗಿ, ಮತ್ತೆ ಫ್ರೀಜ್ ಆದ ಮಾಲು ಅದು. ಮಾರಿದವರನ್ನು ಕೇಳಿದರೆ, "ಹಸಿ ಮಾಂಸ ಅಲ್ವಾ, ವಾಸನೆ ಬಂದೇ ಬರುತ್ತೆ" ಅಂದರು. ಆ ಉತ್ತರಕ್ಕೇ ನನಗೆ ಸಿಟ್ಟು ಬಂದಿದ್ದು. ಫ್ರೀಜ್ ಮಾಡಿದರೆ ಸಾಲ್ಮೊನೆಲ್ಲಾ ಅನ್ನೋ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ. ಕರಗಿ ಬೆಚ್ಚಗಾದರೆ ಮತ್ತೆ ಬೆಳೆಯುತ್ತದೆ. ಅದು ಹಾವಿಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಅಪಾಯ. ಇಡೀ ಪ್ಯಾಕ್ ಎಸೆಯಬೇಕಾಯಿತು.

ಸೈಜ್ ಕಥೆಯೂ ಅಷ್ಟೇ. ಹಾವಿನ ಮೈ ಎಲ್ಲಿ ದಪ್ಪವೋ ಹೆಚ್ಚುಕಮ್ಮಿ ಅಷ್ಟೇ ದಪ್ಪದ ಇಲಿ ಇರಬೇಕು. ಒಂದೇ ಪ್ಯಾಕ್‌ನಲ್ಲಿ ಸಣ್ಣದು, ದೊಡ್ಡದು ಬೆರೆಸಿದರೆ ದುಡ್ಡು ಕೊಟ್ಟು ಅರ್ಧ ಸುಮ್ನೆ ಇಟ್ಟುಕೊಂಡ ಹಾಗೆ.

ಪ್ಯಾಕ್‌ಮನ್ ಕಪ್ಪೆ (ದೊಡ್ಡ ಬಾಯಿಯ, ಗುಂಡನೆಯ ಸಾಕುಕಪ್ಪೆ) ಸಾಕಿದವರಿಗೆ ಒಂದು ಮಾತು. ಎದುರು ಅಲ್ಲಾಡಿದ್ದನ್ನೆಲ್ಲಾ ಅದು ನುಂಗುತ್ತದೆ. ಹಾಗಂತ ದಿನಾ ಇಲಿ ಕೊಟ್ಟರೆ ಕೊಬ್ಬು ಏರುತ್ತದೆ. ನಮ್ಮ ಕಪ್ಪೆಗೆ ಎರೆಹುಳು, ಕ್ಯಾಲ್ಸಿಯಂ ಪುಡಿ ಹಚ್ಚಿದ ಜಿರಲೆಯೇ ಊಟ. ಇಲಿಮರಿ ಅಪರೂಪಕ್ಕೆ ಮಾತ್ರ.

ಹಾವಿಗೆ ಇದನ್ನೇ ಮುಂದುವರಿಸುತ್ತೇನೆ, ಆದರೆ ಈಗ ಚಿಕ್ಕ ಪ್ಯಾಕ್ ಮಾತ್ರ ತರಿಸುತ್ತೇನೆ. ಬಂದ ತಕ್ಷಣ ಕವರ್ ಅಲ್ಲಾಡಿಸಿ ನೋಡುತ್ತೇನೆ. ಇಲಿಗಳು ಬಿಡಿಬಿಡಿಯಾಗಿ ಸದ್ದು ಮಾಡಿದರೆ ಫ್ರೀಜರ್‌ನಲ್ಲಿ ಅದಕ್ಕಂತಲೇ ಇಟ್ಟಿರುವ ಡಬ್ಬಿಗೆ. ಮುದ್ದೆಯಾಗಿದ್ದರೆ ತಂದವರ ಕೈಗೇ ವಾಪಸ್.