ಬ್ರೌಸರ್‌ನ ‘ಇಂಡಿಯನ್’ ಕ್ಯಾಲೆಂಡರ್: ಮೂರು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿ ಹತ್ತಿರದ ಒಂದು ದೇವಸ್ಥಾನಕ್ಕೆ ಶಾಶ್ವತ ಪೂಜೆಯ ಲೆಕ್ಕ ಇಡುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಪೂಜೆ ಬರೆಸುವವರು ತಾರೀಖು ಹೇಳುವುದಿಲ್ಲ, ‘ಶ್ರಾವಣ ಶುದ್ಧ ಪಂಚಮಿ’ ಅನ್ನುತ್ತಾರೆ. ವಾರ ಮೊದಲೇ ಅವರಿಗೆ ಮೆಸೇಜ್ ಹೋಗಬೇಕು. ಜಾವಾಸ್ಕ್ರಿಪ್ಟ್‌ನ ‘ಇಂಟ್ಲ್’ನಲ್ಲಿ (ಬ್ರೌಸರ್ ಒಳಗೇ ಇರುವ, ತಾರೀಖು ಅಂಕಿಗಳನ್ನು ಆಯಾ ಭಾಷೆಯಲ್ಲಿ ತೋರಿಸುವ ಸೌಲಭ್ಯ) ‘ಇಂಡಿಯನ್’ ಅಂತ ಒಂದು ಕ್ಯಾಲೆಂಡರ್ ಮೊದಲೇ ಇದೆ. ಅದನ್ನೇ ಹಿಡಿದೆ.

ಮೊದಲು ಓಡಿಸಿ ನೋಡಿದ್ದು 2023ರ ಮಾರ್ಚ್ 22ಕ್ಕೆ, ಯುಗಾದಿ ದಿನ. ಚೈತ್ರ 1, ಶಕ 1945 ಅಂತ ಬಂತು. ಗೋಡೆಯ ಪಂಚಾಂಗದಲ್ಲೂ ಚೈತ್ರ ಶುದ್ಧ ಪಾಡ್ಯ. ಹೋಳಿಗೆ ತಿಂದು ಮಲಗಿದೆ.

ಎರಡೂ ಒಂದೇ ದಿನ ಬಿದ್ದದ್ದು ಸುಮ್ನೆ ಕಾಕತಾಳೀಯ. ಬ್ರೌಸರ್ ತೋರಿಸುವುದು ಸರ್ಕಾರ 1957ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗ. ಅದು ಸೂರ್ಯನ ಲೆಕ್ಕ, ಗೋಡೆಯ ಪಂಚಾಂಗದ ತಿಥಿ ಚಂದ್ರನ ಲೆಕ್ಕ. ಚೈತ್ರ 1 ಅಂದರೆ ಮಾರ್ಚ್ 22, ಫೆಬ್ರವರಿಗೆ 29 ದಿನ ಇದ್ದರೆ 21. ಅದರಲ್ಲಿ ಶುದ್ಧ, ಬಹುಳ ಅನ್ನುವುದೇ ಇಲ್ಲ. ನಾನು ‘ತಿಂಗಳ 5ನೇ ದಿನ ಪಂಚಮಿ’ ಅಂತ ಬರೆದು ಕೂತಿದ್ದೆ!

ಆಷಾಢದವರೆಗೆ ಎರಡು ಮೂರು ದಿನ ಹೆಚ್ಚುಕಮ್ಮಿ ಆಗುತ್ತಿತ್ತು, ಭಟ್ರು ಕೈಯಲ್ಲೇ ತಿದ್ದಿಕೊಂಡರು. ಜುಲೈ 18ಕ್ಕೆ ಅಧಿಕ ಶ್ರಾವಣ ಶುರುವಾಯಿತು. ನನ್ನ ಪ್ರೋಗ್ರಾಂಗೆ ಅಧಿಕ ಮಾಸ ಅಂದರೇನು ಗೊತ್ತು? ಜುಲೈ 27ಕ್ಕೆ ಪಂಚಮಿ ಅಂತ ಮೆಸೇಜ್ ಕಳಿಸಿತು. ಬೆಂಗಳೂರಿನಿಂದ ಒಂದು ಮನೆಯವರು ಆ ಮಳೆಯಲ್ಲಿ ಬಂದು ನಿಂತರು. ನಾಗರಪಂಚಮಿ ಇದ್ದದ್ದು ಆಗಸ್ಟ್ 21ಕ್ಕೆ. ‘ಅಧಿಕದಲ್ಲಿ ಯಾರನ್ನ ಕರೆಸ್ದೆ ಮಾರಾಯಾ?’ ಅಂದರು ಭಟ್ರು. ವರಮಹಾಲಕ್ಷ್ಮಿ ಹಬ್ಬದ ದಿನ ನೋಡಿದರೆ ಬ್ರೌಸರ್‌ನಲ್ಲಿ ಭಾದ್ರಪದ 3! ತಪ್ಪು ನನ್ನದೇ, ಆದರೂ ಆ ‘ಇಂಡಿಯನ್’ ಅನ್ನುವ ಹೆಸರು ಯಾರನ್ನಾದರೂ ದಾರಿ ತಪ್ಪಿಸುತ್ತದೆ.

ಆಮೇಲೆ ತಿಥಿಗೆ ಸ್ವಿಸ್ ಎಫೆಮೆರಿಸ್ (ಸೂರ್ಯ, ಚಂದ್ರ, ಗ್ರಹಗಳ ಸ್ಥಾನ ಲೆಕ್ಕ ಹಾಕುವ ಪ್ರೋಗ್ರಾಂ) ಸೇರಿಸಿದೆ. ಸೂರ್ಯ ಚಂದ್ರರ ನಡುವಿನ ಕೋನ 12 ಡಿಗ್ರಿ ಹೆಚ್ಚಿದಂತೆ ಒಂದೊಂದು ತಿಥಿ. ಶಿವಮೊಗ್ಗದ ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದು ಆ ದಿನದ್ದು. ಎರಡು ವರ್ಷ ಚೆನ್ನಾಗಿ ನಡೆಯಿತು. 2026ರ ಪಟ್ಟಿ ತೆಗೆದರೆ ಯುಗಾದಿಯೇ ಇಲ್ಲ! ಮಾರ್ಚ್ 19 ಅಮಾವಾಸ್ಯೆ, 20 ಬಿದಿಗೆ. ಅಮಾವಾಸ್ಯೆ ಮುಗಿಯುವುದು ಸೂರ್ಯ ಹುಟ್ಟಿ ಸುಮಾರು 20 ನಿಮಿಷದ ಮೇಲೆ. ಪಾಡ್ಯ ಮರುದಿನ ಬೆಳಕು ಹರಿಯುವ ಮೊದಲೇ ಮುಗಿದುಹೋಗುತ್ತದೆ. ‘ಕ್ಷಯ ತಿಥಿ, ಹಬ್ಬ 19ಕ್ಕೇ’ ಅಂತ ಭಟ್ರು ಒಂದೇ ಮಾತಲ್ಲಿ ಹೇಳಿದರು. ನನಗೆ ಕೋಡ್ ತಿದ್ದಲು ಎರಡು ರಾತ್ರಿ ಬೇಕಾಯಿತು.

ಹಾಗಂತ ಇಂಟ್ಲ್ ಬಿಟ್ಟಿಲ್ಲ. ರಸೀದಿಯಲ್ಲಿ ಶಕ ತಾರೀಖು ಅದೇ ಹಾಕುತ್ತದೆ, ತಿಂಗಳ ಹೆಸರು ಕನ್ನಡದಲ್ಲೇ ಬರುತ್ತದೆ. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ನೆಟ್ ಹೋದರೂ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅದೇ ದೊಡ್ಡದು, ಅಲ್ವಾ? ಕೊರತೆ ಅಂದರೆ ಅದು ತೋರಿಸುತ್ತದೆ ಅಷ್ಟೇ. ಶಕ ತಾರೀಖು ಕೊಟ್ಟು ಇಂಗ್ಲಿಷ್ ತಾರೀಖು ಕೇಳಿದರೆ ಕೊಡುವುದಿಲ್ಲ. 5ಕ್ಕೆ 3 ಸ್ಟಾರ್.

ಈ ಸಲ ಮೇ 17ರಿಂದ ಅಧಿಕ ಜ್ಯೇಷ್ಠ. ಮೆಸೇಜ್ ಪಟ್ಟಿ ಪ್ರಿಂಟ್ ತೆಗೆದು ಮೊದಲೇ ಭಟ್ರ ಕೈಗೆ ಕೊಟ್ಟಿದ್ದೇನೆ.